ಘಾಟಿ ಹತ್ತಿಸುವ ಫ್ಯಾನು

ಎಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯೆಲ್ಲ ಚಕ್ರಕ್ಕೆ ಸಲ್ಲುವುದಿಲ್ಲ. ಅದರ ದೊಡ್ಡದೊಂದು ಪಾಲು ಬಿಸಿಯಾಗಿ ನೀರಿಗಿಳಿದು, ರೇಡಿಯೇಟರಿನ ಮೂಲಕ ಗಾಳಿಗೆ ಸೇರಬೇಕು. ವಾಹನ ವೇಗವಾಗಿ ಓಡುವಾಗ ಎದುರುಗಾಳಿಯೇ ಈ ಕೆಲಸ ಮುಗಿಸುತ್ತದೆ. ಹೊರೆ ಹೊತ್ತ ಲಾರಿ ಮೊದಲ ಗೇರಿನಲ್ಲಿ ಏರು ಹತ್ತುವಾಗ, ಅಂದರೆ ಎಂಜಿನ್ ಹೆಚ್ಚು ದುಡಿದು ಚಕ್ರ ಕಡಿಮೆ ಉರುಳುವಾಗ, ಫ್ಯಾನಿನ ಯೋಗ್ಯತೆ ತಿಳಿಯುತ್ತದೆ. 1901ರ ಮರ್ಸಿಡಿಸ್ ಕಾರಿಗೆ ಜೇನುಗೂಡು ರೇಡಿಯೇಟರನ್ನು ರೂಪಿಸಿದ ವಿಲ್ಹೆಲ್ಮ್ ಮೈಬಾಖ್, ಅದರ ಎಂಟು ಸಾವಿರಕ್ಕೂ ಹೆಚ್ಚು ಕಿರುನಳಿಗೆಗಳ ಹಿಂದೆ ಫ್ಯಾನೊಂದನ್ನು ಇರಿಸಿದ್ದು ನಿಧಾನ ಚಲನೆಯ ಈ ಕಷ್ಟಕ್ಕಾಗಿಯೇ.

ಈ ಪ್ರಬಂಧಕಾರನ ಬಾಲ್ಯ ಕಳೆದ ಸಕಲೇಶಪುರದ ಸೀಮೆಯಲ್ಲಿ, ಶಿರಾಡಿ ಘಾಟಿ ಹತ್ತಿಬಂದ ಲಾರಿಗಳು ಬಾನೆಟ್ ತೆರೆದು ರಸ್ತೆಬದಿಯಲ್ಲಿ ನಿಲ್ಲುತ್ತಿದ್ದುದು ನಿತ್ಯದ ನೋಟ. ಕ್ಲೀನರ್ ಹುಡುಗನು ಒದ್ದೆ ಗೋಣಿಯನ್ನು ಕೈಗೆ ಸುತ್ತಿ, ಮುಖವನ್ನು ಅತ್ತ ತಿರುಗಿಸಿ, ರೇಡಿಯೇಟರಿನ ಮುಚ್ಚಳವನ್ನು ಒಂದಿಷ್ಟೇ ಸಡಿಲಿಸಿ ಆವಿ ಬಿಡುತ್ತಿದ್ದನು. ಆ ಲಾರಿಗಳ ಫ್ಯಾನು ಬೆಲ್ಟಿನ ಮೂಲಕ ಎಂಜಿನ್ನಿಗೆ ಕಟ್ಟಿಬಿದ್ದದ್ದು, ಬೇಕಿರಲಿ ಬೇಡವಾಗಿರಲಿ ತಿರುಗಲೇಬೇಕಾದದ್ದು. ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ತಿನ್ನುವ ಶಕ್ತಿ ಸುಮಾರು ಎಂಟು ಪಟ್ಟಾಗುವುದರಿಂದ, ಬಯಲಿನ ಓಟದಲ್ಲಿ ಡೀಸೆಲ್ ಸುಮ್ಮನೆ ಪೋಲಾಗುತ್ತಿತ್ತು. ಲಾರಿಯ ಮೊರೆತವೆಂದು ಘಾಟಿಯ ಮಕ್ಕಳು ಕೇಳಿಸಿಕೊಂಡದ್ದರಲ್ಲಿ ಈ ರೆಕ್ಕೆಗಳ ಪಾಲೂ ಕಡಿಮೆಯದಲ್ಲ.

ದುಂದನ್ನು ತಡೆಯಲು ಬಂದದ್ದು ವಿಸ್ಕಸ್ ಕ್ಲಚ್, ಎಂದರೆ ತಿರುಗಿಸುವ ಶಾಫ್ಟಿಗೂ ರೆಕ್ಕೆಗಳಿಗೂ ನಡುವೆ ಕೂರುವ, ಮಂದವಾದ ಸಿಲಿಕೋನ್ ಎಣ್ಣೆಯ ಡಬ್ಬಿ. ಅದರ ಮುಂಭಾಗದಲ್ಲಿ ಎರಡು ಲೋಹಗಳನ್ನು ಬೆಸೆದು ಮಾಡಿದ ಸುರುಳಿಯೊಂದಿದ್ದು, ರೇಡಿಯೇಟರನ್ನು ಹಾದುಬಂದ ಗಾಳಿ ಕಾದಿದ್ದರೆ ಅದು ಹೊರಳಿ ಕವಾಟ ತೆರೆಯುತ್ತದೆ. ಆಗಷ್ಟೇ ಎಣ್ಣೆ ಹರಿದು ಫ್ಯಾನಿಗೆ ಹಿಡಿತ ಸಿಗುತ್ತದೆ. ಸುರುಳಿಯ ಸುತ್ತ ಎಣ್ಣೆಗೆ ಮೆತ್ತಿದ ಕಪ್ಪು ಧೂಳಿದ್ದು, ನಿಂತ ಎಂಜಿನ್ನಿನಲ್ಲಿ ಕೈಯಿಂದ ತಳ್ಳಿದ ರೆಕ್ಕೆ ತಡೆಯಿಲ್ಲದೆ ಸುತ್ತಿದರೆ ಕ್ಲಚ್ಚಿನ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು. ವಿದ್ಯುತ್ ಫ್ಯಾನು ಎಂಜಿನ್ನಿನ ವೇಗವನ್ನು ನೆಚ್ಚಿಕೊಳ್ಳದ ಕಾರಣ ಪೇಟೆಯ ಟ್ರಾಫಿಕ್ಕಿಗೆ ಒಳ್ಳೆಯದು. ಹೊಳೆ ದಾಟುವ ಜೀಪಿಗೂ ಅದು ಅನುಕೂಲವೇ, ಏಕೆಂದರೆ ತಿರುಗುತ್ತಲೇ ನೀರಿಗೆ ಬಡಿದ ರೆಕ್ಕೆ ಬಾಗಿ ರೇಡಿಯೇಟರನ್ನು ಕೊರೆಯುವ ಮೊದಲೇ ಸ್ವಿಚ್ ಆರಿಸಬಹುದು. ಭಾರದ ಲಾರಿಯ ದೊಡ್ಡ ಫ್ಯಾನಿಗೆ ಬೇಕಾದಷ್ಟು ವಿದ್ಯುತ್ತನ್ನು ಮಾಮೂಲಿ ಆಲ್ಟರ್ನೇಟರ್ ಒದಗಿಸಲಾರದು. ಘಾಟಿ ಹತ್ತುವ ಲಾರಿಗೆ ವಿಸ್ಕಸ್ ಫ್ಯಾನೇ ಸರಿ.

ಆದರೆ ಆಯ್ಕೆಯ ಚರ್ಚೆಯಲ್ಲಿ ಎಲ್ಲರೂ ಮರೆಯುವ ವಸ್ತುವೊಂದಿದೆ, ಅದು ಶ್ರೌಡ್, ಅಂದರೆ ರೇಡಿಯೇಟರಿನ ಹಿಂಬದಿಯಿಂದ ಫ್ಯಾನಿನ ಅಂಚಿನವರೆಗೆ ಬರುವ ಹೊದಿಕೆ. ಅದಿಲ್ಲದಿದ್ದರೆ ರೆಕ್ಕೆಯ ತುದಿಯನ್ನು ಬಳಸಿಕೊಂಡು ಬಿಸಿಗಾಳಿ ಹಿಂದಿರುಗಿ, ಕಡೆದ ಮಜ್ಜಿಗೆಯನ್ನೇ ಮತ್ತೆ ಕಡೆದಂತಾಗುತ್ತದೆ. ರಿಪೇರಿಗೆಂದು ಬಿಚ್ಚಿದ ಶ್ರೌಡನ್ನು ಅಡ್ಡ ಬರುತ್ತದೆಂದು ಮೂಲೆಗೆಸೆಯುವ ಮೆಕ್ಯಾನಿಕ್ಕುಗಳು ಇಂದಿಗೂ ಇದ್ದಾರೆ. ಎಂಜಿನ್ ಕಾಯುತ್ತಿದೆಯೆಂದು ಹೆಚ್ಚು ರೆಕ್ಕೆಯ ಫ್ಯಾನಿಗೆ ಹಣ ಎಣಿಸುವ ಮುನ್ನ, ಗಾಡಿಯೊಡನೆ ಬಂದ ಶ್ರೌಡ್ ಎಲ್ಲಿ ಹೋಯಿತೆಂದು ಮಾಲೀಕರು ಒಮ್ಮೆ ವಿಚಾರಿಸಲಿ.