ವ್ಯಾನ್ ಮೀಟರಿನ ಒಕ್ಕಲಿಗನ ಮಗ

ಅಮೆರಿಕೆಯ ಅಯೋವಾ ರಾಜ್ಯದ ರಾಜಧಾನಿ ಡಿ ಮಾಯ್ನ್ ನಗರದಲ್ಲಿ ನಮ್ಮ ತಂಗಿಯ ಮಗನು ಉದ್ಯೋಗದಲ್ಲಿದ್ದಾನೆ. ಬೇಸಿಗೆಯ ರಜೆಯಲ್ಲಿ ನಾವು ಅವನಲ್ಲಿಗೆ ಹೋಗಿದ್ದಾಗ, “ಮಾಮಾ, ನಿಮಗೊಂದು ಹಳ್ಳಿ ತೋರಿಸ್ತೀನಿ, ಬರ್ರಿ” ಎಂದು ಪಶ್ಚಿಮಕ್ಕೆ ಸುಮಾರು ಮೂವತ್ತು ಕಿಲೋಮೀಟರು ಕರೆದೊಯ್ದನು. ದಾರಿಯ ಎರಡೂ ಬದಿಗೆ ಗೋವಿನಜೋಳ. ನಮ್ಮ ಜತ್ತ ಸೀಮೆಯ ಬರಡು ಎರೆಯನ್ನು ಕಂಡ ಕಣ್ಣಿಗೆ ಆ ಹಸಿರಿಗೆ ಕೊನೆಯೇ ಇಲ್ಲವೆಂದು ತೋರಿತು. ರಕೂನ್ ನದಿಯ ಬಳಿಯ ಆ ಸಣ್ಣ ಊರೇ ವ್ಯಾನ್ ಮೀಟರ್. ಬೇಸ್‌ಬಾಲ್ ಆಟಗಾರ ಬಾಬ್ ಫೆಲರ್ 1918ರ ನವೆಂಬರ್ 3ರಂದು ಜನಿಸಿದ್ದು ಈ ಊರಿನಲ್ಲಿ.

ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎನ್ನುವರು. ಕ್ರಿಕೆಟಿನ ಬೌಲರನಂತೆ ಅವನು ಓಡಿ ಬರುವುದಿಲ್ಲ, ಚೆಂಡನ್ನು ನೆಲಕ್ಕೆ ಪುಟಿಸುವುದೂ ಇಲ್ಲ. ಅರುವತ್ತೂವರೆ ಅಡಿ ದೂರದಲ್ಲಿ ನಿಂತು ನೇರವಾಗಿ ಎಸೆಯಬೇಕು. ದಾಂಡಿಗನು ಮೂರು ಸಲ ತಪ್ಪಿದರೆ ಔಟಾದಂತೆ.

ಬಾಬನ ತಂದೆ ಬಿಲ್ ಫೆಲರ್ ಒಕ್ಕಲಿಗ. ಮಗನ ಕೈಯಲ್ಲಿ ಏನೋ ಇದೆಯೆಂದು ಆತನಿಗೆ ಬೇಗನೆ ಹೊಳೆಯಿತು. ಗೋವಿನಜೋಳಕ್ಕೆ ದುಡಿಮೆ ಹೆಚ್ಚು, ಆಟಕ್ಕೆ ಹೊತ್ತು ಸಾಲದೆಂದು ಆತ ಗೋದಿ ಬಿತ್ತತೊಡಗಿದನಂತೆ! ಚಳಿಗಾಲದಲ್ಲಿ ಹೊರಗೆ ಹಿಮ ಬಿದ್ದಿರುವಾಗ ತಂದೆ ಮಕ್ಕಳು ಕೊಟ್ಟಿಗೆಯೊಳಗೆ ಚೆಂಡಾಡುತ್ತಿದ್ದರು. 1930ರ ದಶಕದ ಮೊದಲಲ್ಲಿ, ಧಾನ್ಯದ ಬೆಲೆ ನೆಲ ಕಚ್ಚಿದ ಕಾಲದಲ್ಲಿ, ತಂದೆ ಮಗ ಇಬ್ಬರೂ ಓಕ್ ಮರಗಳನ್ನು ಕಡಿದು ತಮ್ಮ ಹೊಲದಲ್ಲಿಯೇ ಮೈದಾನವೊಂದನ್ನು ಕಟ್ಟಿದರು. ಓಕ್‌ವ್ಯೂ ಎಂಬ ಆ ಮೈದಾನಕ್ಕೆ ರವಿವಾರಗಳಂದು ಸುತ್ತಲಿನ ಜನ ಟಿಕೆಟು ಕೊಂಡು ಬರುತ್ತಿದ್ದರು. ನಮ್ಮ ಊರಿನ ಒಕ್ಕಲಿಗನು ಹೀಗೆ ಮಾಡಿದ್ದರೆ ಜನ ಏನೆನ್ನುತ್ತಿದ್ದರೆಂಬುದನ್ನು ಓದುಗರು ಬಲ್ಲರು.

ಕ್ಲೀವ್‌ಲ್ಯಾಂಡ್ ತಂಡದವರು ಹುಡುಗನನ್ನು ಒಂದು ಡಾಲರು ಮತ್ತು ಆಟಗಾರರ ಸಹಿಯಿದ್ದ ಒಂದು ಚೆಂಡು ಕೊಟ್ಟು ಒಪ್ಪಂದ ಮಾಡಿಕೊಂಡರು. 1936ರ ಆಗಸ್ಟ್ 23ರಂದು ಮೊದಲ ಸಲ ಆಟದ ಆರಂಭದಿಂದ ಎಸೆಯಲು ನಿಂತಾಗ ಅವನಿಗೆ ಹದಿನೇಳು ವರ್ಷ. ಸೇಂಟ್ ಲೂಯಿ ತಂಡದ 15 ದಾಂಡಿಗರನ್ನು ಮೂರು ಮೂರು ತಪ್ಪಿಗೆ ಹೊರಹಾಕಿದನು. ಮೂರು ವಾರ ಕಳೆಯುವುದರೊಳಗೆ ಇನ್ನೊಂದು ಆಟದಲ್ಲಿ 17. ದೇಶವೆಲ್ಲ ಅವನ ಹೆಸರು.

ಆ ಬಳಿಕ ಅವನು ಮಾಡಿದ್ದೇ ನಮ್ಮ ಮನಸ್ಸಿನಲ್ಲಿ ನಿಂತದ್ದು. ಆಟದ ಋತು ಮುಗಿದೊಡನೆ ವ್ಯಾನ್ ಮೀಟರಿಗೆ ಮರಳಿ ತನ್ನ ಹೈಸ್ಕೂಲಿನ ಕೊನೆಯ ತರಗತಿಯಲ್ಲಿ ಕುಳಿತನು. 1937ರಲ್ಲಿ ಅವನು ತೇರ್ಗಡೆಯಾದ ಸಮಾರಂಭವನ್ನು ರೇಡಿಯೋ ದೇಶಕ್ಕೆಲ್ಲ ಬಿತ್ತರಿಸಿತು.

ನಾವು ಮುಖ್ಯೋಪಾಧ್ಯಾಯರು, ಇದನ್ನು ಕೇಳಿ ಸುಮ್ಮನಿರಲಾಗಲಿಲ್ಲ. ದೀಪಾವಳಿಯ ಹೊತ್ತಿಗೆ ನಮ್ಮ ಶಾಲೆಯ ಹುಡುಗರು ತಾಯಿತಂದೆಯರ ಜೊತೆ ಕಬ್ಬು ಕಡಿಯಲು ಹೋಗುತ್ತಾರೆ. ಹಾಜರಿಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಗೆರೆ ಎಳೆಯುವುದೇ ನಮ್ಮ ಕೆಲಸ. ತಿರುಗಿ ಬಂದು ಬೆಂಚಿನ ಮೇಲೆ ಕುಳಿತವರು ಕೆಲವರೇ. ಅವರಿಗೆ ಹೊಟ್ಟೆಯ ಅವಸರ. ಫೆಲರನಿಗೆ ಗೋದಿಯ ಹೊಲವಿತ್ತು, ಅಂಥ ತಂದೆಯಿದ್ದನು. ಹೋಲಿಸುವುದು ಸರಿಯಲ್ಲವೆಂದು ಗೊತ್ತು. ಆದರೂ ಹೋಲಿಸಿದೆವು.

1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ಬಾಂಬು ಬಿದ್ದಾಗ ಆ ತಂದೆ ಹಾಸಿಗೆ ಹಿಡಿದಿದ್ದನು. ಮನೆಯ ಆಧಾರನೆಂದು ಬಾಬನಿಗೆ ಸೇನೆಯಿಂದ ವಿನಾಯಿತಿಯಿತ್ತು. ಅದನ್ನು ಬಿಟ್ಟು ಕೆಲವೇ ದಿನಗಳಲ್ಲಿ ನೌಕಾದಳ ಸೇರಿ ‘ಅಲಬಾಮಾ’ ಯುದ್ಧನೌಕೆಯಲ್ಲಿ ತೋಪಿನ ತಂಡದ ನಾಯಕನಾದನು. 1943ರಲ್ಲಿ ತಂದೆ ತೀರಿಕೊಂಡನು. ಇಪ್ಪತ್ಮೂರರಿಂದ ಇಪ್ಪತ್ತಾರರವರೆಗಿನ ಕಸುವಿನ ವರ್ಷಗಳು ಸಮುದ್ರದಲ್ಲಿ ಕಳೆದವು. ಮರಳಿ ಬಂದವನು 1946ರಲ್ಲಿ 348 ದಾಂಡಿಗರನ್ನು ಹಾಗೆಯೇ ಹೊರಹಾಕಿದ್ದು ಬೇರೆ ಮಾತು.

1948ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ವರ್ಲ್ಡ್ ಸೀರೀಸ್ ಗೆದ್ದಿತು. ಆದರೆ ಅದರಲ್ಲಿ ಫೆಲರ್ ಎಸೆದ ಎರಡು ಆಟಗಳೂ ಸೋತವು. 1956ರಲ್ಲಿ ಆಟ ಬಿಡುವ ಹೊತ್ತಿಗೆ 266 ಗೆಲುವುಗಳು ಅವನ ಹೆಸರಿನಲ್ಲಿದ್ದವು. 2010ರ ಡಿಸೆಂಬರ್ 15ರಂದು, 92ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಊರಿನಲ್ಲಿ 1995ರಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. ಅದರ ನಕ್ಷೆ ಮಗ ಸ್ಟೀಫನನದು. ಅದು ಮುಚ್ಚಿದ ಮೇಲೆ ಕಟ್ಟಡ ಪುರಸಭೆಯ ಕಚೇರಿಯಾಯಿತು. ನಾವು ಅದರೆದುರು ಕಾರು ನಿಲ್ಲಿಸಿದೆವು.

ಮರಳುವಾಗ ಹೊಲವೊಂದರ ಬದಿಗೆ ಇಳಿದು, ಅಳಿಯನು ಹೆಜ್ಜೆಯಿಂದ ಅರುವತ್ತು ಅಡಿ ಅಳೆದು ನಿಂತನು. ಅವನ ಮಗನ ಚೆಂಡನ್ನು ನಾವು ಎಸೆದೆವು. ಅದು ಅವನ ಕಾಲಿಗೆ ಹತ್ತು ಅಡಿ ಮೊದಲೇ ಬಿತ್ತು. ಮೊಮ್ಮಗನು “ಮತ್ತೊಂದು ಸಲ, ಅಜ್ಜಾ” ಎಂದನು.