ಬಿಟ್ಟುಕೊಡುವ ಹೊತ್ತು

ಉಪ್ಪಲ್‌ನಲ್ಲಿ ಮನೆ ಮಾಡಿದವರಿಗೆ ಐಪಿಎಲ್ ಬರೀ ಟಿವಿ ಆಟವಲ್ಲ, ಸ್ಟೇಡಿಯಂನ ಕೂಗು ಬಾಲ್ಕನಿಗೇ ಕೇಳುತ್ತದೆ. ಊರೆಲ್ಲ ಕಿತ್ತಳೆ ಬಣ್ಣದ ಟೀಶರ್ಟ್ ತೊಟ್ಟರೂ ನಾನು ಹುಡುಕುವುದು ಕರ್ನಾಟಕದ ಹುಡುಗರು ಹೇಗೆ ಆಡಿದರು ಎಂಬುದನ್ನೇ.

ದೇವದತ್ತ ಪಡಿಕ್ಕಲ್‌ನ ಲೆಕ್ಕ ನೋಡಿ. ಬಾಲ್ಯದ ಕೆಲವು ವರ್ಷ ಇದೇ ಹೈದರಾಬಾದಿನಲ್ಲಿದ್ದು, ಆಮೇಲೆ ಬೆಂಗಳೂರಿಗೆ ಹೋಗಿ ಬೆಳೆದ ಹುಡುಗ. 2020ರಲ್ಲಿ ಆರ್‌ಸಿಬಿಗೆ ಆರಂಭಿಕನಾಗಿ 473 ರನ್. 2022ಕ್ಕೆ ರಾಜಸ್ಥಾನ 7.75 ಕೋಟಿ ಕೊಟ್ಟಿತು. ಆದರೆ ಅಲ್ಲಿ ಬಟ್ಲರ್, ಜೈಸ್ವಾಲ್ ಇದ್ದರು. ಇವನು ಕೆಳಗಿನ ಕ್ರಮಾಂಕಕ್ಕೆ ಜಾರಿದ: ಮೊದಲ ವರ್ಷ 376, ಮರುವರ್ಷ 261. 2023ರ ನವೆಂಬರ್‌ನಲ್ಲಿ ಅವನನ್ನು ಲಖನೌಗೆ ಕೊಟ್ಟು ಆವೇಶ್ ಖಾನ್‌ನನ್ನು ತಂದರು. ಮುಂದಿನ ಸೀಸನ್‌ನಲ್ಲಿ ಆವೇಶ್ 19 ವಿಕೆಟ್ ತೆಗೆದ. ಪಡಿಕ್ಕಲ್ ಏಳು ಪಂದ್ಯಗಳಲ್ಲಿ ಹೊಡೆದದ್ದು 38 ರನ್.

ರಾಜಸ್ಥಾನದ ಜಾಣತನ ಇದ್ದದ್ದು ಹೊತ್ತು ನೋಡಿದ್ದರಲ್ಲಿ. ಇನ್ನೊಂದು ವರ್ಷಕ್ಕೆ ಮೆಗಾ ಹರಾಜು. ಆಗ ಕೈಬಿಟ್ಟರೆ ದುಡ್ಡು ಲೆಕ್ಕಕ್ಕೆ ವಾಪಸು ಬರುತ್ತದೆ, ಬದಲಿ ಆಟಗಾರ ಬರುವುದಿಲ್ಲ.

ನಮ್ಮ ಸನ್‌ರೈಸರ್ಸ್ ಉಮ್ರಾನ್ ಮಲಿಕ್ ವಿಷಯದಲ್ಲಿ ಕಾದು ಕುಳಿತಿತು. 2022ರಲ್ಲಿ 22 ವಿಕೆಟ್, ಗಂಟೆಗೆ 157 ಕಿ.ಮೀ. ವೇಗ. 2023ರಲ್ಲಿ 5 ವಿಕೆಟ್, 2024ರಲ್ಲಿ ಆಡಿಸಿದ್ದು ಒಂದೇ ಪಂದ್ಯ. 4 ಕೋಟಿಗೆ ಉಳಿಸಿಕೊಂಡಿದ್ದ ಹುಡುಗ ಮುಂದಿನ ಹರಾಜಿನಲ್ಲಿ 75 ಲಕ್ಷಕ್ಕೆ ಕೋಲ್ಕತ್ತಾಗೆ ಹೋದ.

ಹಾಗಂತ ಬೆಲೆ ಇಳಿದ ಕೂಡಲೇ ಸಾಗಹಾಕಬೇಕೆ? ಅಭಿಷೇಕ್ ಶರ್ಮಾ 2022ರಲ್ಲಿ 426 ರನ್ ಹೊಡೆದು ಮರುವರ್ಷ 226ಕ್ಕೆ ಇಳಿದ. ಅವನಿಗೆ ಆರಂಭಿಕನ ಜಾಗವಿತ್ತು, ತಂಡ ಉಳಿಸಿಕೊಂಡಿತು. 2025ರ ಏಪ್ರಿಲ್ 12ರಂದು ಇದೇ ಉಪ್ಪಲ್‌ನಲ್ಲಿ 55 ಎಸೆತಕ್ಕೆ 141! ನೋಡಬೇಕಾದ್ದು ಇಳಿದ ಬೆಲೆಯನ್ನಲ್ಲ, ಹನ್ನೊಂದರಲ್ಲಿ ಅವನಿಗೆ ಜಾಗವಿದೆಯೇ ಎಂಬುದನ್ನು. ಜಾಗವಿದ್ದರೆ ತಾಳಿಕೊಳ್ಳಬೇಕು. ಇಲ್ಲದಿದ್ದರೆ ಕೇಳುವವರು ಇರುವಾಗಲೇ ಬಿಟ್ಟುಕೊಡಬೇಕು.

‘ಬೆಂಚ್’ ಅನ್ನುವ ಪದ ಐಟಿಯವರಿಗೆ ಹೊಸದೇನಲ್ಲ. ಧಾರವಾಡದ ಕಡೆಯ ಹುಡುಗಿಯೊಬ್ಬಳು ನನ್ನ ಟೀಮಿನಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಎಲ್ಲ ಮ್ಯಾನೇಜರುಗಳೂ ಅವಳನ್ನೇ ಕೇಳುತ್ತಿದ್ದರು. ಕ್ಲೈಂಟಿನ ಕೆಲಸ ಬದಲಾಯಿತು, ಅವಳಿಗೆ ಬರುವ ಕೆಲಸ ನನ್ನ ಹತ್ತಿರ ಉಳಿದಿಲ್ಲ. ಈ ಸಲ ರೇಟಿಂಗೂ ಇಳಿಯಿತು. ಇನ್ನೊಂದು ಪ್ರಾಜೆಕ್ಟಿನವರು ಕೇಳುತ್ತಿದ್ದಾರೆ. ಬದಲಿಗೆ ಯಾರನ್ನೂ ಕೊಡುವುದಿಲ್ಲ. “ಇರಲಿ, ಮುಂದೆ ಬೇಕಾದೀತು” ಅಂತ ಮೇಲಿನವರ ಸಲಹೆ.

ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್‌ನಲ್ಲಿ ಆಟಗಾರನನ್ನು ಬೇರೆ ತಂಡಕ್ಕೆ ಕೊಡುವಾಗ ಸಾಮಾನ್ಯವಾಗಿ ಅವನ ಒಪ್ಪಿಗೆ ಕೇಳುವುದಿಲ್ಲ. ಐಪಿಎಲ್‌ನಲ್ಲಿ ಒಪ್ಪಿಗೆ ಬೇಕು. ನನಗೆ ಈ ನಿಯಮವೇ ಸರಿ ಅನಿಸಿತು. ಅವಳನ್ನೇ ಕೇಳಿದೆ.

“ಹೋಗ್ತೀನ್ರಿ ಸರ್, ಇಲ್ಲಿ ಕುಂತ್ರ ಇದ್ದದ್ದೂ ಮರತ ಹೋಗತೈತಿ” ಅಂದಳು.

ಬಿಡುತ್ತೇನೆಂದು ಮೇಲ್ ಹಾಕಿದ್ದೇನೆ. ಟೀಮಿನಲ್ಲಿ ಒಂದು ತಲೆ ಕಡಿಮೆಯಾಗುತ್ತದೆ, ಮುಂದಿನ ರಿಲೀಸ್‌ಗೆ ನಾನೇ ರಾತ್ರಿ ಕೂರಬೇಕಾಗಬಹುದು. ಕೂರೋಣ. ಪಡಿಕ್ಕಲ್ ಕೂಡ 2 ಕೋಟಿಗೆ ಆರ್‌ಸಿಬಿಗೆ ಮರಳಿ, ಗಾಯಗೊಂಡು ಹೊರಗುಳಿಯುವ ಮೊದಲು 247 ರನ್ ಹೊಡೆದ. ಆ ವರ್ಷವೇ ಕಪ್ ನಮ್ಮದಾಯಿತು.