ಉಪಯೋಗವಿಲ್ಲದ ಸಂಖ್ಯೆ

2147483647. ಕೋಡ್ ಬರೆಯೋರಿಗೆಲ್ಲ ಇದು ಪರಿಚಯ: 32 ಬಿಟ್‌ನ ಇಂಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ. 31 ಎರಡುಗಳನ್ನು ಗುಣಿಸಿ ಒಂದು ಕಳೆದರೆ ಸಿಗುತ್ತೆ. ಇದು ಅವಿಭಾಜ್ಯ ಸಂಖ್ಯೆಯೂ ಹೌದು ಅನ್ನೋದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲ್ಲ.

1772ರಲ್ಲಿ ಅದನ್ನು ಸಾಧಿಸಿದವನು ಆಯ್ಲರ್. ಆಗ ಅವನಿಗೆ ಹೆಚ್ಚೂಕಮ್ಮಿ ಕಣ್ಣೇ ಕಾಣುತ್ತಿರಲಿಲ್ಲ. ನೇರವಾಗಿ ಹೋದರೆ 4792 ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಇದನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದಾದರೂ ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯಲೇಬೇಕು ಅಂತ ಅವನು ಕಂಡುಕೊಂಡ. ಕೆಲಸ 372 ಭಾಗಾಕಾರಕ್ಕೆ ಇಳೀತು. ನಾವಿದನ್ನ ಆಪ್ಟಿಮೈಸೇಶನ್ ಅಂತೀವಿ.

1811ರಲ್ಲಿ ಪೀಟರ್ ಬಾರ್ಲೋ, ಇದರಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದನ್ನು ಯಾರೂ ಹುಡುಕಲಿಕ್ಕಿಲ್ಲ, ಇವೆಲ್ಲ ಬರೀ ಕುತೂಹಲಕ್ಕೆ, ಉಪಯೋಗಕ್ಕಲ್ಲ ಅಂತ ಬರೆದ. ನಾನು ಬಿಇ ಓದುವಾಗ ಊರಲ್ಲಿ ಅಪ್ಪನೂ ಅದನ್ನೇ ಕೇಳೋರು: "ಇದ್ರಿಂದ ಏನ್ ಉಪಯೋಗ ಮಗಾ?"

1969ರಲ್ಲಿ ಐಬಿಎಂ ಕಂಪ್ಯೂಟರಿಗೆ ಯಾದೃಚ್ಛಿಕ ಸಂಖ್ಯೆಗಳು ಬೇಕಾದವು. ಹಿಂದಿನ ಸಂಖ್ಯೆಯನ್ನು 16807ರಿಂದ ಗುಣಿಸು, 2147483647ರಿಂದ ಭಾಗಿಸು, ಉಳಿದದ್ದೇ ಮುಂದಿನದು. ಇದು ಅವಿಭಾಜ್ಯ ಆಗಿರೋದಕ್ಕೇ 1ರಿಂದ 2147483646ರ ತನಕ ಒಂದನ್ನೂ ಬಿಡದೆ ಸುತ್ತಿ ಬರುತ್ತೆ. ಇವತ್ತಿನ ಸಿ++ ಲೈಬ್ರರಿಯಲ್ಲೂ ಇದಿದೆ.

ಉಪಯೋಗ ಏನಂತ ಈಗ ಯಾರಾದ್ರೂ ಕೇಳಿದ್ರೆ ನಾನು ತಡಬಡಾಯಿಸಲ್ಲ. ಆಯ್ಲರನ ಲೆಕ್ಕ ಕೆಲಸಕ್ಕೆ ಬರೋಕೆ 197 ವರ್ಷ ಹಿಡೀತು.